ಯೂದನ ಪತ್ರಿಕೆ: ಸುಳ್ಳು ಬೋಧನೆಗೆ ಐತಿಹ್ಯದ ಉತ್ತರ

ಹೊಸ ಒಡಂಬಡಿಕೆಯ 27 ಗ್ರಂಥಗಳ ಸಾಲಿನಲ್ಲಿ ಕೊನೆಯ ಪ್ರಕಟನೆಗೆ ಮುಂಚೆ, ಓದುಗರ ಕಣ್ಣಿಗೆ ಬೀಳದಂತೆ ಕುಳಿತಿರುವ ಚಿಕ್ಕ ಬರೆಹವೊಂದಿದೆ. ಅದು ಯೂದನು ಬರೆದ ಪತ್ರಿಕೆ. ಒಂದೇ ಅಧ್ಯಾಯ, 25 ವಚನಗಳು. ಗ್ರೀಕ್ ಮೂಲದಲ್ಲಿ ಐನೂರು ಪದಗಳಿಗೂ ಕಡಿಮೆ. ವೇದಶಾಸ್ತ್ರದ ವಿದ್ವಾಂಸರು ಇದನ್ನು ಬಹುಕಾಲ ಉಪೇಕ್ಷಿಸಿದರು. ಪೌಲನ ತರ್ಕ ಇದರಲ್ಲಿಲ್ಲ, ಯೋಹಾನನ ಧ್ಯಾನವೂ ಇಲ್ಲ. ಇರುವುದು ಬರಿಯ ಬೈಗುಳ ಮತ್ತು ಹಳೆಯ ಕಥೆಗಳು ಎಂಬುದು ಸಾಮಾನ್ಯ ಅಭಿಪ್ರಾಯವಾಗಿತ್ತು. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದಾಗ ಈ ಆಕ್ಷೇಪಣೆಯೇ ಪತ್ರಿಕೆಯ ಮಹತ್ತ್ವವನ್ನು ತೋರುವ ಕೈಮರವಾಗುತ್ತದೆ. ಸಭೆಯೊಳಗೆ ಹುಟ್ಟಿದ ಭಿನ್ನ ಬೋಧನೆಯನ್ನು ಎದುರಿಸಲು ಒಬ್ಬ ಬರೆಹಗಾರ ತತ್ತ್ವವನ್ನು ಬಿಟ್ಟು ಐತಿಹ್ಯವನ್ನು ಆಯುಧವಾಗಿ ಆರಿಸಿಕೊಂಡದ್ದು ಏಕೆ, ಅದರಿಂದ ಅವನು ಪಡೆದದ್ದೇನು, ಕಳೆದುಕೊಂಡದ್ದೇನು ಎಂಬುದು ಇಲ್ಲಿ ವಿಚಾರಾರ್ಹವಾದ ಸಂಗತಿ.

ಪತ್ರಿಕೆಯ ಕರ್ತೃ ತನ್ನನ್ನು ಯೇಸುವಿನ ದಾಸನೆಂದೂ ಯಾಕೋಬನ ತಮ್ಮನೆಂದೂ ಕರೆದುಕೊಂಡಿದ್ದಾನೆ. ಮಾರ್ಕನ ಸುವಾರ್ತೆ ಹೆಸರಿಸುವ ಯೇಸುವಿನ ಸಹೋದರರಲ್ಲಿ ಯಾಕೋಬ, ಯೂದ ಎಂಬ ಹೆಸರುಗಳಿರುವುದರಿಂದ ಪರಂಪರೆ ಇವನನ್ನು ಆ ಮನೆತನಕ್ಕೆ ಸೇರಿಸಿತು. ಆಧುನಿಕ ವಿದ್ವಾಂಸರಲ್ಲಿ ಕೆಲವರು ಇದನ್ನು ಒಪ್ಪುತ್ತಾರೆ, ಮತ್ತೆ ಕೆಲವರು ಬೇರೆ ಯಾರೋ ಆ ಹೆಸರಿನಲ್ಲಿ ಬರೆದರೆನ್ನುತ್ತಾರೆ. ಈ ಯೂದನ ಮೊಮ್ಮಕ್ಕಳ ಬಗೆಗೆ ಹೆಗೆಸಿಪ್ಪಸ್ ಹೇಳಿದ ಒಂದು ಐತಿಹ್ಯವನ್ನು ಸಭಾ ಇತಿಹಾಸಕಾರ ಯೂಸೆಬಿಯಸ್ ಉಳಿಸಿಕೊಟ್ಟಿದ್ದಾನೆ. ದಾವೀದನ ವಂಶದವರೆಂಬ ದೂರಿನ ಮೇಲೆ ಅವರನ್ನು ರೋಮನ್ ಚಕ್ರವರ್ತಿ ದೊಮಿಷಿಯನ್‌ನ ಮುಂದೆ ನಿಲ್ಲಿಸಲಾಯಿತಂತೆ. ತಮಗಿರುವುದು 39 ಪ್ಲೆತ್ರ ಹೊಲ ಮಾತ್ರವೆಂದು ಹೇಳಿ, ಗೇಯ್ದು ಜಡ್ಡುಗಟ್ಟಿದ ಅಂಗೈಗಳನ್ನು ಅವರು ತೋರಿಸಿದರಂತೆ. ಚಕ್ರವರ್ತಿ ತಾತ್ಸಾರದಿಂದ ಬಿಟ್ಟುಬಿಟ್ಟನು. ಇದು ಚರಿತ್ರೆಯೋ ಕಥೆಯೋ ಎಂಬ ಚರ್ಚೆ ಬೇರೆ. ಆ ಮನೆತನವನ್ನು ನೆನೆದವರು ಅದನ್ನು ಪಂಡಿತರ ಮನೆತನವಾಗಿ ನೆನೆಯಲಿಲ್ಲ, ಒಕ್ಕಲು ಮಕ್ಕಳ ಮನೆತನವಾಗಿ ನೆನೆದರು ಎಂಬುದಷ್ಟು ಸ್ಪಷ್ಟ.

ಎಲ್ಲರಿಗೂ ಹುದುವಾದ ರಕ್ಷಣೆಯ ವಿಷಯವಾಗಿ ಬರೆಯಬೇಕೆಂದಿದ್ದ ಯೂದನು, ಸಭೆಯೊಳಗೆ ಮರೆಯಾಗಿ ನುಸುಳಿದ ಕೆಲವರಿಂದಾಗಿ ಆ ಉದ್ದೇಶವನ್ನು ಬದಿಗಿಟ್ಟು ಬೇರೆ ಪತ್ರ ಬರೆಯಬೇಕಾಯಿತೆಂದು ಮೊದಲಿಗೇ ತಿಳಿಸುತ್ತಾನೆ. ಈ ನುಸುಳಿದವರು ಏನು ಬೋಧಿಸಿದರು? ಪತ್ರಿಕೆಯಿಂದ ಸಿಗುವ ವಿವರ ಅತ್ಯಲ್ಪ. ದೇವರ ಕೃಪೆಯನ್ನು ನಾಚಿಕೆಗೆಟ್ಟ ನಡತೆಗೆ ರಹದಾರಿಯಾಗಿಸಿದರು, ಒಡೆಯನನ್ನು ಅಲ್ಲಗಳೆದರು, ಕನಸುಗಳನ್ನು ನೆಚ್ಚಿದರು, ದೇವದೂತರನ್ನು ಹಳಿದರು, ಲಾಭಕ್ಕಾಗಿ ಮುಖಸ್ತುತಿ ಮಾಡಿದರು. ಇಷ್ಟೆ. ಪೌಲನು ಗಲಾತ್ಯದವರಿಗೆ ಬರೆಯುವಾಗ ಸುನ್ನತಿಯ ಪ್ರಶ್ನೆಯನ್ನು ಎತ್ತಿಕೊಂಡು ಅಬ್ರಹಾಮನ ಕಾಲದಿಂದ ವಾದ ಕಟ್ಟುತ್ತಾನೆ. ಯೋಹಾನನ ಮೊದಲನೆಯ ಪತ್ರಿಕೆ, ಕ್ರಿಸ್ತನು ದೇಹಧಾರಿಯಾಗಿ ಬಂದನೆಂದು ಒಪ್ಪುವವನಾರು, ಒಪ್ಪದವನಾರು ಎಂದು ಒರೆಗಲ್ಲೊಂದನ್ನು ನೀಡುತ್ತದೆ. ಯೂದನಲ್ಲಿ ವಾದವೂ ಇಲ್ಲ, ಒರೆಗಲ್ಲೂ ಇಲ್ಲ.

ಈ ಖಾಲಿ ಜಾಗವನ್ನು ತುಂಬುವ ಯತ್ನಗಳು ಬಹಳ ಹಿಂದೆಯೇ ತೊಡಗಿದವು. ಎರಡನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಯೂದನ ಮಾತು ಕಾರ್ಪೊಕ್ರಾಟಿಸನ ಅನುಯಾಯಿಗಳ ಬಗೆಗಿನ ಮುನ್ನುಡಿಯೆಂದ. ಆಧುನಿಕ ಕಾಲದ ಅನೇಕರು ಇವರನ್ನು ಜ್ಞಾನಮಾರ್ಗಿ ನಾಸ್ಟಿಕ್ ಪಂಥದವರೆಂದರು. ಪತ್ರಿಕೆಯ ಸಾಮಾನ್ಯೀಕೃತ ಭಾಷೆಯಿಂದ ಯಾವುದೊಂದು ಪಂಥವನ್ನೂ ಗುರುತಿಸಲಾಗದೆಂದು ಫ್ರೆಡರಿಕ್ ವಿಸ್ಸೆ 1972ರಲ್ಲಿ ವಾದಿಸಿದರು. ಲೂಕ್ ತಿಮೊತಿ ಜಾನ್ಸನ್ 1989ರ ಪ್ರಬಂಧವೊಂದರಲ್ಲಿ ಅಂದಿನ ತಾತ್ತ್ವಿಕ ಪಂಥಗಳು ಒಂದನ್ನೊಂದು ಲಂಪಟ, ಲೋಭಿ, ಕಪಟಿ ಎಂದು ಜರೆಯುತ್ತಿದ್ದ ರೂಢಿಯನ್ನು ಎತ್ತಿ ತೋರಿಸಿದರು. ಹೀಗಿರುವಾಗ ಯೂದನ ಆರೋಪಪಟ್ಟಿಯನ್ನು ವರದಿಯೆಂಬಂತೆ ಓದಿ, ಎದುರಾಳಿಗಳು ನಿಜಕ್ಕೂ ಲಂಪಟರಾಗಿದ್ದರೆಂದು ತೀರ್ಮಾನಿಸುವುದು ಬಯಲಾಟದ ರಾಕ್ಷಸನ ಬಣ್ಣವನ್ನೇ ಅವನ ಮೈಬಣ್ಣವೆಂದು ತಿಳಿದಂತಾಗುತ್ತದೆ.

ಹಾಗಾದರೆ ಉತ್ತರದ ಹುರುಳು ಎಲ್ಲಿದೆ? ಅದನ್ನು ತಿಳಿಯಲು ಈ ಪತ್ರಿಕೆ ಕಿವಿಗಾಗಿ ರಚಿತವಾದದ್ದು ಎಂಬುದನ್ನು ನೆನಪಿನಲ್ಲಿಡಬೇಕು. ಅಂದಿನ ಸಭೆಗಳಲ್ಲಿ ಪತ್ರವನ್ನು ಒಬ್ಬನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. ಕೇಳುವವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಯೂದನು ಎಲ್ಲವನ್ನೂ ಮೂರು ಮೂರಾಗಿ ಜೋಡಿಸುತ್ತಾನೆ. ಓದುಗರಿಗೆ ಮೂರು ವಿಶೇಷಣಗಳು, ಮೂರು ಹರಕೆಗಳು, ಶಿಕ್ಷೆಯ ಮೂರು ಕಥೆಗಳು, ಮೂವರು ದುಷ್ಟರು. ಜನಪದ ಕಥನಗಳಲ್ಲಿ ಮೂರರ ನಿಯಮವನ್ನು ಆಕ್ಸೆಲ್ ಓಲ್ರಿಕ್ 1909ರಲ್ಲಿ ಗುರುತಿಸಿದ್ದು ಸುಪರಿಚಿತ. ಅದಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಪತ್ರರೂಪದ ಬರೆಹದಲ್ಲಿ ಸಿಗುವುದು ವಿರಳ. ಇದರ ಜೊತೆಗೆ ‘ಇವರು’ ಎಂಬ ಸರ್ವನಾಮ ಐದು ಸಲ ಪಲ್ಲವಿಯಂತೆ ಮರಳುತ್ತದೆ. ಮೊದಲು ಒಂದು ಹಳೆಯ ಕಥೆ ಅಥವಾ ಮಾತು, ಬಳಿಕ ‘ಇವರು’. ಎದುರಾಳಿಗಳಿಗೆ ಪತ್ರಿಕೆಯಲ್ಲಿ ಹೆಸರೇ ಇಲ್ಲ. ಅವರಿಗೆ ಸಿಗುವ ಹೆಸರುಗಳೆಲ್ಲ ಕಥೆಗಳಿಂದ ಎರವಲು ತಂದವು.

ಮೊದಲ ಮೂರು ಕಥೆಗಳಲ್ಲಿ ಒಂದು, ಐಗುಪ್ತದಿಂದ ಬಿಡುಗಡೆ ಪಡೆದೂ ಅಡವಿಯಲ್ಲಿ ನಾಶವಾದ ಜನರದು; ಮತ್ತೊಂದು ಸೊದೋಮ್ ಗೊಮೋರ ಪಟ್ಟಣಗಳದು. ಇವೆರಡೂ ಮೋಶೆಯ ಗ್ರಂಥಗಳಲ್ಲಿ ದೊರೆಯುತ್ತವೆ. ನಡುವಿನದು ಹಾಗಲ್ಲ. ತಮ್ಮ ವಾಸಸ್ಥಾನವನ್ನು ತೊರೆದ ದೇವದೂತರ ಕಥೆಯ ಬೀಜ ಆದಿಕಾಂಡದ ಆರನೆಯ ಅಧ್ಯಾಯದ ಕೆಲವೇ ವಚನಗಳಲ್ಲಿದೆ. ಅದು ಮರವಾಗಿ ಬೆಳೆದದ್ದು ಹನೋಕನ ಹೆಸರಿನ ಗ್ರಂಥದಲ್ಲಿ. 200 ಮಂದಿ ದೂತರು ಹೆರ್ಮೋನ್ ಬೆಟ್ಟದ ಮೇಲಿಳಿದು ಮಾನವ ಸ್ತ್ರೀಯರನ್ನು ಕೂಡಿದರು. ಜೊತೆಗೆ ಆಯುಧ ಕಾಯಿಸುವ ಕಲೆ, ಕಣ್ಣಿಗೆ ಕಾಡಿಗೆ ಹಚ್ಚುವ ಕಲೆ, ಮಾಟ, ಬೇರುಗಳ ಗುಟ್ಟು, ನಕ್ಷತ್ರಗಳ ಶಕುನ ಇವನ್ನು ಕಲಿಸಿದರು. ಅಂದರೆ ಆ ಐತಿಹ್ಯದಲ್ಲಿ ಬಿದ್ದ ದೂತರು ಕಾಮಿಗಳಷ್ಟೇ ಅಲ್ಲ, ಲೋಕದ ಮೊದಲ ತಪ್ಪು ಬೋಧಕರು. ಯೂದನು ಇದನ್ನು ವಿವರಿಸುವುದಿಲ್ಲ, ಒಂದೇ ವಾಕ್ಯದಲ್ಲಿ ಸೂಚಿಸಿ ಮುಂದೆ ಸಾಗುತ್ತಾನೆ. ಕೇಳುಗರ ನೆನಪೇ ಉಳಿದ ಕಥೆಯನ್ನು ಪೂರೈಸುತ್ತದೆಂಬ ಭರವಸೆ ಅವನಿಗಿತ್ತು. ಕುಮ್ರಾನ್ ಗವಿಗಳಲ್ಲಿ ಸಿಕ್ಕಿ 1976ರಲ್ಲಿ ಮಿಲಿಕ್ ಪ್ರಕಟಿಸಿದ ಅರಾಮಿಕ್ ತುಣುಕುಗಳು ಈ ಗ್ರಂಥದ ಪ್ರಾಚೀನತೆಯನ್ನು ಖಚಿತಪಡಿಸಿದವು.

ಇಲ್ಲಿ ಬಳಕೆಯಾದ ಒಂದು ಕ್ರಿಯಾಪದ ಗಮನಾರ್ಹ. ದೂತರು ತಮ್ಮ ಪದವಿಯನ್ನು ‘ಕಾಯ್ದುಕೊಳ್ಳಲಿಲ್ಲ’. ಆದ್ದರಿಂದ ದೇವರು ಅವರನ್ನು ತೀರ್ಪಿನ ದಿನಕ್ಕಾಗಿ ಕತ್ತಲೆಯಲ್ಲಿ ‘ಕಾಯ್ದಿರಿಸಿದ್ದಾನೆ’. ಅದೇ ಗ್ರೀಕ್ ಧಾತು ಪತ್ರಿಕೆಯ ಮೊದಲ ವಚನದಲ್ಲಿ ಕ್ರಿಸ್ತನಿಗಾಗಿ ಕಾಯಲ್ಪಟ್ಟವರೆಂದು ಓದುಗರನ್ನು ಕರೆಯಲು ಬಂದಿದೆ. ದುಷ್ಟರಿಗಾಗಿ ಕಾದಿರುವ ಕಾರಿರುಳಿಗೆ ಬಂದಿದೆ. ಕೊನೆಯಲ್ಲಿ ದೇವರ ಪ್ರೀತಿಯಲ್ಲಿ ನಿಮ್ಮನ್ನು ನೀವು ಕಾಯ್ದುಕೊಳ್ಳಿರೆಂಬ ಬುದ್ಧಿವಾದಕ್ಕೂ ಬಂದಿದೆ. ಒಟ್ಟು ಐದು ಸಲ. ಸುಳ್ಳು ಬೋಧನೆಯೆಂದರೆ ಯೂದನ ಕಣ್ಣಿಗೆ ತಪ್ಪು ಅಭಿಪ್ರಾಯವಲ್ಲ, ತನಗೆ ಗೊತ್ತಾದ ಎಡೆಯನ್ನು ಕಾಯದೆ ಹೋಗುವುದು. ತಾತ್ತ್ವಿಕ ವಾಕ್ಯದಲ್ಲಿ ಹೇಳಬಹುದಾದ ಈ ವಿಚಾರವನ್ನು ಅವನು ಒಂದು ಪದದ ಮರುಕಳಿಕೆಯಿಂದ ಕಿವಿಗೆ ಮುಟ್ಟಿಸುತ್ತಾನೆ.

ಎರಡನೆಯ ತ್ರಿಕದಲ್ಲಿ ಬರುವವರು ಕಾಯಿನ, ಬಿಳಾಮ ಮತ್ತು ಕೋರಹ. ಮೂಲಗ್ರಂಥಗಳನ್ನು ಮಾತ್ರ ನೋಡಿದರೆ ಈ ಮೂವರಿಗೆ ಹೊಂದಿಕೆಯಿಲ್ಲ: ಒಬ್ಬ ಕೊಲೆಗಾರ, ಒಬ್ಬ ಅನ್ಯದೇಶದ ದಾರ್ಶನಿಕ, ಒಬ್ಬ ದಂಗೆಕೋರ. ಇವರನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಯೆಹೂದಿ ಮೌಖಿಕ ಪರಂಪರೆ. ಮೊದಲ ಶತಮಾನದ ಇತಿಹಾಸಕಾರ ಜೊಸೆಫಸ್ ಹೇಳುವ ಕಾಯಿನನು ಬರಿಯ ಭ್ರಾತೃಘಾತಕನಲ್ಲ, ಜನರಿಗೆ ಲೋಭವನ್ನೂ ದುಷ್ಟತನವನ್ನೂ ಕಲಿಸಿದ ಗುರು. ಕೋರಹನು ಮೋಶೆಯ ಆಜ್ಞೆಗಳನ್ನೇ ಪ್ರಶ್ನಿಸಿದ ವಾದಿಯಾಗಿ ರಬ್ಬಿಗಳ ಕಥೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಬಿಳಾಮನ ಬೆಳವಣಿಗೆ ಇನ್ನೂ ಕುತೂಹಲಕರ. ಜೋರ್ಡಾನಿನ ದೇರ್ ಅಲ್ಲಾದಲ್ಲಿ 1967ರಲ್ಲಿ ಪತ್ತೆಯಾದ ಗಾರೆಯ ಮೇಲಿನ ಬರೆಹ, ಬೆಯೋರನ ಮಗನಾದ ಬಿಳಾಮನನ್ನು ದೇವತೆಗಳ ದರ್ಶನ ಪಡೆದ ಕಣಿಗಾರನಾಗಿ ಚಿತ್ರಿಸುತ್ತದೆ. ಅಲ್ಲಿ ಅವನು ಗೌರವದ ವ್ಯಕ್ತಿ. ಅರಣ್ಯಕಾಂಡದ ಮುಖ್ಯ ಕಥೆಯಲ್ಲೂ ಅವನು ಇಸ್ರಾಯೇಲ್ಯರನ್ನು ಶಪಿಸಲು ಒಪ್ಪದೆ ಹರಸುತ್ತಾನೆ. ಅದೇ ಕಾಂಡದ ಕೊನೆಯ ಭಾಗಕ್ಕೆ ಬರುವಾಗ ಜನರನ್ನು ಕೆಡಿಸುವ ಉಪಾಯ ಹೇಳಿಕೊಟ್ಟವನಾಗುತ್ತಾನೆ. ಯೂದನ ಕಾಲಕ್ಕೆ ಅವನು ಕೂಲಿಯಾಸೆಗೆ ಜನರನ್ನು ದಾರಿ ತಪ್ಪಿಸುವವನ ಮಾದರಿ. ಒಬ್ಬ ದರ್ಶಕನು ಕಥೆಯಿಂದ ಕಥೆಗೆ ಸಾಗುತ್ತ ಖಳನಾಗುವ ಈ ಪರಿ, ಸಮುದಾಯವೊಂದು ತನ್ನ ಗಡಿಯನ್ನು ಗುರುತಿಸಿಕೊಳ್ಳುವ ಪರಿಯೂ ಹೌದು. ಯೂದನಿಗೆ ಬೇಕಾದದ್ದು ಈ ಕೊನೆಯ ಬಿಳಾಮನೇ. ಗಾರೆಯ ಮೇಲಿನ ಬಿಳಾಮನನ್ನು ಕಟ್ಟಿಕೊಂಡು ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಬೈಗುಳದ ಭಾಗವೆಂದು ಹೆಸರಾದ ಹನ್ನೆರಡು, ಹದಿಮೂರನೆಯ ವಚನಗಳು ಕಾವ್ಯದ ಮಟ್ಟದವು. ನುಸುಳಿದವರು ಸಭೆಯ ಪ್ರೀತಿಭೋಜನಗಳಲ್ಲಿ ನೀರಿನಡಿಯ ಬಂಡೆಗಳಂತಿದ್ದಾರೆ. ಮಳೆ ತಾರದೆ ಗಾಳಿಗೆ ತೇಲುವ ಮೋಡಗಳಂತೆ, ಸುಗ್ಗಿ ಕಳೆದರೂ ಫಲವಿಲ್ಲದೆ ಬೇರುಕಿತ್ತ ಮರಗಳಂತೆ, ತಮ್ಮ ಹೇಸಿಗೆಯನ್ನೇ ನೊರೆಯಾಗಿ ದಡಕ್ಕೆಸೆಯುವ ಅಲೆಗಳಂತೆ, ಅಲೆಮಾರಿ ನಕ್ಷತ್ರಗಳಂತೆ ಇದ್ದಾರೆ. ವಾಯು, ಭೂಮಿ, ಸಮುದ್ರ, ಆಕಾಶ ಹೀಗೆ ಸೃಷ್ಟಿಯ ನಾಲ್ಕು ನೆಲೆಗಳನ್ನೂ ಈ ಸಾಲು ಮುಟ್ಟಿಬರುತ್ತದೆ. ಹನೋಕನ ಗ್ರಂಥದ ಆರಂಭದಲ್ಲಿ ಮರಗಳೂ ಸಮುದ್ರವೂ ಜ್ಯೋತಿಗಳೂ ತಮಗೆ ವಿಧಿಸಿದ ಕ್ರಮವನ್ನು ಮೀರದಿರುವುದನ್ನು ತೋರಿಸಿ ಮನುಷ್ಯನನ್ನು ನಾಚಿಸುವ ಭಾಗವೊಂದಿದೆ. ಯೂದನು ಅದನ್ನು ಮಗುಚಿ ಹಾಕಿದ್ದಾನೆ: ಅಲ್ಲಿ ಸೃಷ್ಟಿ ಕ್ರಮ ಪಾಲಿಸುತ್ತದೆ, ಇಲ್ಲಿ ಕ್ರಮ ತಪ್ಪಿದ ಸೃಷ್ಟಿಯೇ ಎದುರಾಳಿಗಳ ಪ್ರತಿಮೆ. ಅಲೆಮಾರಿ ನಕ್ಷತ್ರವೆಂದರೆ ಗ್ರೀಕರಿಗೆ ಗ್ರಹ. ಆ ಪದವೂ ಬಿಳಾಮನಿಗೆ ಅನ್ವಯಿಸಿದ ‘ತಪ್ಪುದಾರಿ’ ಎಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ಭ್ರಮಣ ಮತ್ತು ಭ್ರಮೆಗಳ ನಂಟನ್ನು ಬಲ್ಲ ಕನ್ನಡ ಓದುಗನಿಗೆ ಈ ಶ್ಲೇಷೆ ವಿವರಣೆಯಿಲ್ಲದೆಯೂ ತಿಳಿಯುವಂಥದು.

ಪತ್ರಿಕೆಯ ಅತಿ ವಿಚಿತ್ರ ಕಥೆ ಒಂಬತ್ತನೆಯ ವಚನದ್ದು. ಮೋಶೆಯ ಶವಕ್ಕಾಗಿ ಪ್ರಧಾನ ದೂತನಾದ ಮೀಕಾಯೇಲನಿಗೂ ಸೈತಾನನಿಗೂ ವ್ಯಾಜ್ಯ ನಡೆಯಿತು. ಆಗ ಮೀಕಾಯೇಲನು ತಾನಾಗಿ ದೂಷಣೆಯ ತೀರ್ಪು ಕೊಡದೆ, ಗದರಿಸುವ ಅಧಿಕಾರವನ್ನು ದೇವರಿಗೇ ಬಿಟ್ಟನು. ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆಯ ಸಮಾಧಿ ಯಾರಿಗೂ ತಿಳಿಯದೆಂಬ ಮಾತಿದೆ. ಗ್ರಂಥ ಮೌನವಾದಲ್ಲಿ ಐತಿಹ್ಯ ಬಾಯಿ ತೆರೆಯುವುದು ಸಹಜ. ಈ ಪ್ರಸಂಗ ಮೋಶೆಯ ಆರೋಹಣವೆಂಬ ಕೃತಿಯಲ್ಲಿದೆಯೆಂದು ಒರಿಜೆನ್ ಹೇಳಿದ್ದಾನೆ. 1861ರಲ್ಲಿ ಚೆರಿಯಾನಿ ಮಿಲಾನಿನಲ್ಲಿ ಪ್ರಕಟಿಸಿದ ಲ್ಯಾಟಿನ್ ಹಸ್ತಪ್ರತಿ ಅದೇ ಕೃತಿಯದೆಂದು ಹಲವರ ಅಭಿಪ್ರಾಯ. ಆದರೆ ಅದರ ಕೊನೆಯ ಹಾಳೆಗಳು ನಷ್ಟವಾಗಿದ್ದು ಪ್ರಸಂಗ ಅಲ್ಲಿ ಉಳಿದಿಲ್ಲ. ಮುಂದಿನ ಟಿಪ್ಪಣಿಕಾರರು ಕಾಪಾಡಿದ ರೂಪಗಳಲ್ಲಿ ಸೈತಾನನು ಮೋಶೆಯನ್ನು ಕೊಲೆಗಾರನೆಂದು ದೂರುತ್ತಾನೆ. ಐಗುಪ್ತದವನನ್ನು ಮೋಶೆ ಕೊಂದದ್ದು ನಿಜವೇ ಆದ್ದರಿಂದ ಆರೋಪ ಹುಸಿಯಲ್ಲ. ಆದರೂ ತೀರ್ಪು ದೂತನದಲ್ಲ, ದೇವರದು.

ಈ ಕಥೆಯನ್ನು ಹೇಳುವ ಯೂದನು ತಾನು ಹಾಗೆ ನಡೆದುಕೊಂಡನೇ ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಪ್ರಧಾನ ದೂತನೇ ಸೈತಾನನನ್ನು ಹಳಿಯಲಿಲ್ಲವೆಂದು ಹೇಳಿದ ಮರುವಚನದಲ್ಲೇ ಎದುರಾಳಿಗಳು ವಿವೇಕಶೂನ್ಯ ಮೃಗಗಳಾಗುತ್ತಾರೆ. ವ್ಯಾಖ್ಯಾನಕಾರರು ಈ ವಿಸಂಗತಿಯನ್ನು ಮೃದುಗೊಳಿಸಲು ಯತ್ನಿಸಿದ್ದಾರೆ. 1983ರ ತಮ್ಮ ಭಾಷ್ಯದಲ್ಲಿ ರಿಚರ್ಡ್ ಬಾಕಮ್ ಪತ್ರಿಕೆಯ ಈ ಭಾಗವನ್ನು ಯೆಹೂದಿ ವ್ಯಾಖ್ಯಾನ ಪದ್ಧತಿಯ ಶಿಸ್ತುಬದ್ಧ ಅನುಸರಣೆಯಾಗಿ ಓದಿ, ಅದು ಬರಿಯ ನಿಂದೆಯೆಂಬ ಮಾತನ್ನು ಅಲ್ಲಗಳೆದರು. ಅವರ ವಿಶ್ಲೇಷಣೆಯಿಂದ ಪತ್ರಿಕೆಗೆ ಮರ್ಯಾದೆ ಮರಳಿತೆನ್ನಬಹುದು. ಆದರೆ ನಿಂದೆ ಶಿಸ್ತುಬದ್ಧವಾದ ಮಾತ್ರಕ್ಕೆ ನಿಂದೆಯಲ್ಲವೆಂದಾಗದು. ವಾದಕ್ಕೆ ಪ್ರತಿವಾದವಿರಲು ಸಾಧ್ಯ; ಕಥೆಗೆ ಅದು ಕಷ್ಟ. ಕಾಯಿನನೆಂದು ಕರೆಸಿಕೊಂಡವನಿಗೆ ಮುಂದಿನ ಮಾತಿಲ್ಲ, ಏಕೆಂದರೆ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಯೂದನ ಉತ್ತರದ ಬಲವೂ ಅನ್ಯಾಯವೂ ಇದೇ ಎಡೆಯಲ್ಲಿವೆ. ಎದುರಾಳಿಗಳ ಬಾಯಿಂದ ಬಂದ ಒಂದೇ ಒಂದು ಮಾತು ಪತ್ರಿಕೆಯಲ್ಲಿ ಉಳಿಯಲಿಲ್ಲ.

ವಿಪರ್ಯಾಸವೆಂದರೆ ಗಡಿ ಕಾಯಲು ಹೊರಟ ಪತ್ರಿಕೆಯೇ ಮುಂದೆ ಗಡಿಯ ತಂಟೆಗೆ ಸಿಕ್ಕಿತು. ಪೇತ್ರನ ಎರಡನೆಯ ಪತ್ರಿಕೆಯು ಯೂದನ ಬಹುಭಾಗವನ್ನು ಎರವಲು ಪಡೆದಿದೆಯೆಂಬುದು ಹೆಚ್ಚಿನ ವಿದ್ವಾಂಸರ ಮತ. ಆ ಎರವಲಿನಲ್ಲಿ ಬಿಟ್ಟುಹೋದದ್ದೇನೆಂದು ನೋಡಿದರೆ ಶಿಷ್ಟ ಕೈಯ ಕೆಲಸ ಕಾಣುತ್ತದೆ. ಹನೋಕನ ಉಲ್ಲೇಖವಿಲ್ಲ, ಮೋಶೆಯ ಶವದ ಕಥೆಯಿಲ್ಲ; ಉಳಿದ ಕಥೆಗಳು ದೂತರು, ಜಲಪ್ರಳಯ, ಸೊದೋಮ್ ಎಂದು ಕಾಲಾನುಕ್ರಮಕ್ಕೆ ಬಂದಿವೆ. ಗ್ರೀಕಿನಲ್ಲಿ ಕಿವಿಗೆ ಹತ್ತಿರವಾದ ಪದಗಳ ಪಲ್ಲಟದಿಂದ ಬಂಡೆಗಳು ಕಲೆಗಳಾಗಿವೆ, ಪ್ರೀತಿಭೋಜನ ವಂಚನೆಯಾಗಿದೆ. ಆದರೂ ಜನಪದದ ನಂಟು ಪೂರ್ತಿ ಕಡಿಯಲಿಲ್ಲ. ತೊಳೆದ ಹಂದಿ ಮತ್ತೆ ಕೆಸರಿಗೆ ಹೋಗುವ ಗಾದೆಯನ್ನು ಪೇತ್ರನ ಹೆಸರಿನ ಈ ಪತ್ರಿಕೆ ಹೊಸದಾಗಿ ಸೇರಿಸಿಕೊಂಡಿತು. ಅಹಿಕಾರನ ಕಥೆಯ ಸಿರಿಯಾಕ್ ಪಾಠದಲ್ಲಿ ಅದರ ಜೊತೆಗಾದೆಯಿದೆ. ಒಂದು ಬಾಗಿಲಿನಿಂದ ಹೊರಹಾಕಿದ್ದು ಇನ್ನೊಂದರಿಂದ ಒಳಬಂದಿತು.

ಹನೋಕನ ಮಾತನ್ನು ಯೂದನು ಪ್ರವಾದನೆಯೆಂದೇ ಉದ್ಧರಿಸಿದ್ದು ನಂತರದವರಿಗೆ ನುಂಗಲಾರದ ತುತ್ತಾಯಿತು. ಯೂದನು ಸಾಕ್ಷಿಯಾದ್ದರಿಂದ ಹನೋಕನ ಗ್ರಂಥವೂ ಪ್ರಮಾಣವೆಂದು ತೆರ್ತುಲ್ಲಿಯನ್ ವಾದಿಸಿದ. ಹನೋಕನನ್ನು ಉದ್ಧರಿಸಿದ್ದರಿಂದಲೇ ಯೂದನ ಪತ್ರಿಕೆಯನ್ನು ಬಹುಮಂದಿ ತಿರಸ್ಕರಿಸಿದರೆಂದು ಜೆರೋಮ್ ದಾಖಲಿಸಿದ. ಯೂಸೆಬಿಯಸ್ ಇದನ್ನು ವಿವಾದಿತ ಗ್ರಂಥಗಳ ಗುಂಪಿಗೆ ಸೇರಿಸಿದ. ಅಥನೇಸಿಯಸ್‌ನ 367ರ ಪಾಸ್ಕ ಪತ್ರದ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಸಿರಿಯಾಕ್ ಭಾಷೆಯ ಪೆಷಿತ್ತಾ ಪಾಠದಲ್ಲಿ ಮೊದಲಿಗೆ ಈ ಪತ್ರಿಕೆ ಇರಲೇ ಇಲ್ಲ. ಆ ಪಾಠವನ್ನೇ ಅನುಸರಿಸುತ್ತಿದ್ದ ಮಲಬಾರಿನ ತೋಮಾ ಕ್ರೈಸ್ತರಿಗೆ ತಮ್ಮ ಗ್ರಂಥದಲ್ಲಿ ಇಲ್ಲದ ಭಾಗಗಳನ್ನು ಸೇರಿಸಿಕೊಳ್ಳಬೇಕೆಂದು 1599ರ ಉದಯಂಪೇರೂರು ಸಿನೊಡ್ ವಿಧಿಸಿದಾಗ ಯೂದನೂ ಆ ಪಟ್ಟಿಯಲ್ಲಿದ್ದನು. ಇತ್ತ ಇಥಿಯೋಪಿಯದ ಸಭೆ ಹನೋಕನನ್ನೇ ತನ್ನ ಪವಿತ್ರಗ್ರಂಥಗಳಲ್ಲಿ ಇರಿಸಿಕೊಂಡು, ಆ ಕೃತಿಯ ಸಂಪೂರ್ಣ ಪಾಠವನ್ನು ಗೇಝ್ ಭಾಷೆಯಲ್ಲಿ ಕಾಪಾಡಿತು. ಯಾವುದು ಶುದ್ಧ ಬೋಧನೆ, ಯಾವುದು ಹೊರಗಿನ ಕಥೆ ಎಂಬ ಗೆರೆ ಯೂದನ ಕಾಲದಲ್ಲಿ ಅವನ ವಾರಸುದಾರರು ಎಳೆದ ಎಡೆಯಲ್ಲಿ ಇರಲಿಲ್ಲ.

ಪತ್ರಿಕೆಯ ಕೊನೆಯ ಭಾಗಕ್ಕೆ ವಿಮರ್ಶಕರು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಇಷ್ಟೆಲ್ಲ ಹಳಿದ ಮೇಲೂ ಯೂದನು ಆ ಜನರನ್ನು ಹೊರಹಾಕಿರೆಂದು ಎಲ್ಲಿಯೂ ಹೇಳುವುದಿಲ್ಲ. ಯೋಹಾನನ ಎರಡನೆಯ ಪತ್ರಿಕೆ ಬೇರೆ ಬೋಧನೆಯವನನ್ನು ಮನೆಗೂ ಸೇರಿಸಬಾರದೆನ್ನುತ್ತದೆ. ಯೂದನಲ್ಲಿ ಅಂಥ ಆಜ್ಞೆಯಿಲ್ಲ. ಪತ್ರ ಓದುವ ಹೊತ್ತಿಗೆ ‘ಇವರು’ ಅದೇ ಭೋಜನದ ಪಂಕ್ತಿಯಲ್ಲಿ ಕುಳಿತಿರಲೂ ಸಾಕು. ಆಮೇಲೆ ಬರುವುದು ಕರುಣೆಯ ಮಾತು: ಕೆಲವರನ್ನು ಬೆಂಕಿಯಿಂದ ಎಳೆದುಕೊಳ್ಳುವುದು, ಕೆಲವರಿಗೆ ಭಯದೊಡನೆ ಕರುಣೆ ತೋರುವುದು. ಕರುಣೆಗೆ ಪಾತ್ರರಾದವರನ್ನು ಕುರಿತು 22ನೆಯ ವಚನ ಬಳಸುವ ಕ್ರಿಯಾಪದವನ್ನು ಅನುವಾದಗಳು ಸಾಮಾನ್ಯವಾಗಿ ‘ಸಂಶಯಪಡುವವರು’ ಎಂದು ತಿಳಿಸುತ್ತವೆ. ಒಂಬತ್ತನೆಯ ವಚನದಲ್ಲಿ ಸೈತಾನನೊಡನೆ ‘ವ್ಯಾಜ್ಯವಾಡಿದ’ ಮೀಕಾಯೇಲನಿಗೆ ಬಳಸಿದ್ದೂ ಅದೇ ಕ್ರಿಯಾಪದ. ಹಾಗೆ ಓದಿದರೆ ಕರುಣೆ ಸಲ್ಲಬೇಕಾದದ್ದು ಡೋಲಾಯಮಾನ ಮನಸ್ಸಿನವರಿಗೆ ಮಾತ್ರವಲ್ಲ, ಎದುರು ವಾದಿಸುವವರಿಗೂ. ಹೆಸರಿಲ್ಲದ ಆ ಬೋಧಕರಿಗೆ ಪತ್ರಿಕೆ ತೆರೆದಿಟ್ಟ ಬಾಗಿಲೆಂದರೆ ಇದೊಂದೇ.

ಆ ಬಾಗಿಲು ಎಷ್ಟು ಅಗಲ ಎಂಬುದರಲ್ಲಿ ಪ್ರತಿಕಾರರಿಗೂ ಒಮ್ಮತವಿರಲಿಲ್ಲ. 1959ರಲ್ಲಿ ಬೆಳಕು ಕಂಡ ಬೊಡ್ಮರ್ ಪಪೈರಸ್ ಪ್ರತಿ ಈ ವಚನಗಳಲ್ಲಿ ಎರಡು ಗುಂಪಿನ ಜನರನ್ನು ಹೇಳುತ್ತದೆ, ಸಿನಾಯ ಪ್ರತಿ ಮೂರು ಗುಂಪನ್ನು. ಸಿನಾಯ ಮತ್ತು ವ್ಯಾಟಿಕನ್ ಪ್ರತಿಗಳು ಕರುಣೆ ತೋರಿರಿ ಎನ್ನುವ ಎಡೆಯಲ್ಲಿ ಅಲೆಕ್ಸಾಂಡ್ರಿಯ ಪ್ರತಿಯ ಲಿಪಿಕಾರ ಖಂಡಿಸಿರಿ ಎಂದು ಬರೆದಿದ್ದಾನೆ. ಗ್ರೀಕಿನಲ್ಲಿ ಆ ಎರಡು ಪದಗಳ ನಡುವೆ ಇರುವುದು ಕೆಲವೇ ಅಕ್ಷರಗಳ ಅಂತರ.